ನೋಂದಾಯಿತ ಪಾಲಕಿ

ಬ್ರೆಡ್ಡಿನ ಡಬ್ಬಿಯ ಕೆಳಗೆ ಆ ಕಾಗದವಿರುವುದು ಡೋರೀನಳಿಗೆ ನೋಡದೆಯೂ ಕಾಣುತ್ತಿತ್ತು. ಇಪ್ಪತ್ತಾರು ದಿನಗಳಿಂದ ಅದು ಅಲ್ಲೇ ಇತ್ತು. ಮುಚ್ಚಳ ತೆಗೆದಾಗಲೆಲ್ಲ ಡಬ್ಬಿ ಒಂದು ಪಕ್ಕಕ್ಕೆ ವಾಲಿದಂತೆ, ಇವತ್ತಲ್ಲ ನಾಳೆ ಜಾರಿ ಬಿದ್ದು ಒಳಗಿನದನ್ನೆಲ್ಲ ನೆಲಕ್ಕೆ ಚೆಲ್ಲಿಬಿಡುವಂತೆ ಅನ್ನಿಸುತ್ತಿತ್ತು. ಒಂದು ಹಾಳೆಯ ದಪ್ಪಕ್ಕೆ ಯಾವ ಡಬ್ಬಿಯೂ ವಾಲುವುದಿಲ್ಲ ಎಂದು ಅವಳಿಗೆ ಗೊತ್ತು. ಆದರೂ ಎರಡು ಚೂರು ಬ್ರೆಡ್ಡು ತೆಗೆದು, ಮುಚ್ಚಳ ಹಾಕಿ, ಮಗು ಮಲಗಿದ ಮೇಲೆ ಹೊದಿಕೆಯ ಅಂಚು ಒತ್ತುವ ಹಾಗೆ ಅಂಗೈಯಿಂದ ಡಬ್ಬಿಯನ್ನು ಒಮ್ಮೆ ಒತ್ತಿದಳು. ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಅವಳ ಗಂಡ ನೆವಿಲ್ ಕೂತಿದ್ದ. ಎಪ್ಪತ್ತೊಂದು ವರ್ಷದ ದೊಡ್ಡ ಆಳು. ಕಾರ್ಡಿಗನ್ನಿನ ಗುಂಡಿಗಳನ್ನು ಅವಳು ಹಾಕಿದ್ದಳು, ಒಂದು ತಪ್ಪಿಹೋಗಿ ಎದೆಯ ಮೇಲೆ ಬಟ್ಟೆ ಓರೆಯಾಗಿತ್ತು. ಅವನು ಹೊರಗೆ ನೋಡುತ್ತಿರಲಿಲ್ಲ, ಕೆಳಗೆ ನೋಡುತ್ತಿದ್ದ. ಶೆಫೀಲ್ಡಿನ ಉಕ್ಕಿನ ಕಾರ್ಖಾನೆಯಲ್ಲಿ ಇಪ್ಪತ್ತಾರು ವರ್ಷ ನಲವತ್ತು ಅಡಿ ಎತ್ತರದ ಗೂಡಿನಲ್ಲಿ ಕೂತು ಕ್ರೇನು ನಡೆಸಿದವನು. ನೆನಪೆಲ್ಲ ಒಂದೊಂದಾಗಿ ಕಳಚಿ ಬಿದ್ದಮೇಲೂ ಆ ನೋಟ ಉಳಿದಿತ್ತು: ಕೆಳಗೆ ಯಾರೋ ಇದ್ದಾರೆ, ಅವರ ತಲೆಯ ಮೇಲೆ ತನ್ನ ಭಾರ ತೂಗುತ್ತಿದೆ ಎನ್ನುವಂಥ ನೋಟ.

ಕಾರು ನಿಲ್ಲಿಸುವ ಮೈದಾನದ ಕಂಪನಿ ಕಳಿಸಿದ ಆ ಕಾಗದದ ಮೊದಲ ಸಾಲು ಅವಳಿಗೆ ಬಾಯಿಪಾಠವಾಗಿತ್ತು. ವಾಹನದ ನೋಂದಾಯಿತ ಪಾಲಕರೇ. ಡಾಕ್ಟರು ನೆವಿಲ್‌ನ ಲೈಸೆನ್ಸು ಬಿಡಿಸಿದ ವಾರ ಕಾರು ಅವಳ ಹೆಸರಿಗೆ ಬಂದಿತ್ತು. ಅಂದಿನಿಂದ ಸರ್ಕಾರದ ಕಡತದಲ್ಲಿ ಅವಳು ಕಾರಿನ ಪಾಲಕಿ. ಆಮೇಲೆ ನಗರದ ಕೌನ್ಸಿಲ್ಲಿನ ಆರೈಕೆ ವಿಭಾಗದ ಹೆಂಗಸು ತಂದ ಫಾರಮ್ಮಿನಲ್ಲಿ ನೆವಿಲ್‌ಗೂ ಅವಳೇ ಪಾಲಕಿ. ಎರಡಕ್ಕೂ ಅವಳದು ಅದೇ ವಕ್ರ ಸಹಿ. ಜನವರಿಯಲ್ಲಿ ನೆವಿಲ್ ಮನೆಯ ಚಪ್ಪಲಿಯಲ್ಲೇ ಹೊರಬಿದ್ದು, ಹಿಮ ಬೀಳುವ ಹೊತ್ತಿಗೆ ಬಸ್ಸಿನ ತಂಗುದಾಣದಲ್ಲಿ ಸಿಕ್ಕಿದ ಮೇಲೆ ಆ ಹೆಂಗಸು ಎರಡನೇ ಫಾರಮ್ಮು ತಂದಿದ್ದಳು. ಯಾವ ಹೊತ್ತಿನಲ್ಲೂ ಅವರನ್ನು ಒಬ್ಬರನ್ನೇ ಬಿಡುವುದಿಲ್ಲ ಎಂದು ಅದರಲ್ಲಿ ಡೋರೀನ್ ಸಹಿ ಹಾಕಿದ್ದಳು. ಇನ್ನೊಂದು ಸಲ ಹೀಗಾದರೆ ಬೆಟ್ಟದಾಚೆಯ ಆರೈಕೆ ಮನೆ ಎಂದಿದ್ದಳು. ಬಾಯಿ ತುಂಬ ನಗುತ್ತ, ಡೋರೀನಳ ಮೊಣಕಾಲಿನ ಮೇಲೆ ಕೈಯಿಟ್ಟು. “ನಿಮ್ಮ ಒಳ್ಳೇದಕ್ಕೇ ಕಣಮ್ಮ.” ಬೆಟ್ಟದಾಚೆಯ ಮನೆ ಡೋರೀನ್ ಕಂಡದ್ದೇ, ಅವಳ ಅಕ್ಕ ಅಲ್ಲಿ ಹನ್ನೊಂದು ವಾರ ಬದುಕಿದ್ದಳು, ಕೊನೆಯ ನಾಲ್ಕು ವಾರ ಬೇರೆ ಯಾರದೋ ನೈಟಿಯಲ್ಲಿ.

ಕಾರು ಒಳಬಂದದ್ದು ಹನ್ನೊಂದು ಗಂಟೆ ಎಂಟು ನಿಮಿಷ. ಹೊರಹೋದದ್ದು ಮೂರು ಗಂಟೆ. ಎರಡು ಗಂಟೆ ಬಿಟ್ಟಿ. ನಿಂತದ್ದು ಮೂರು ಗಂಟೆ ಐವತ್ತೆರಡು ನಿಮಿಷ, ಹೆಚ್ಚಾದದ್ದಕ್ಕೆ ದಂಡ. ಕೆಳಗೆ ಎರಡು ಫೋಟೋ, ಎರಡರಲ್ಲೂ ಬರೀ ನಂಬರ್ ಪ್ಲೇಟು, ಗಾಜಿನ ಹಿಂದೆ ಬರೀ ಕತ್ತಲು. ಆ ಕತ್ತಲಿಗೆ ಅವಳು ಇಪ್ಪತ್ತಾರು ದಿನ ಋಣಿಯಾಗಿದ್ದಳು.

ಹನ್ನೊಂದರ ಹೊತ್ತಿಗೆ ಮಗಳು ನಟಾಲಿ ಬಂದಳು. ಬಂದವಳೇ ಕೋಟು ಬಿಚ್ಚದೆ ಅಪ್ಪನ ಹಣೆಗೆ ಮುತ್ತಿಟ್ಟು, ಓರೆಯಾದ ಗುಂಡಿ ಸರಿಮಾಡಿ, ಬಟ್ಟೆ ತೆಗೆದುಕೊಂಡು ಮೇಜಿನ ಮೇಲಿನ ಚೂರುಪಾರು ಒರೆಸತೊಡಗಿದಳು. ಅಮ್ಮನ ಮನೆಗೆ ಬಂದ ಹೆಣ್ಣುಮಕ್ಕಳಿಗೆ ಕೈ ಸುಮ್ಮನಿರುವುದಿಲ್ಲ. ಡೋರೀನ್ “ಬಿಡೇ, ನಾನು ಒರೆಸ್ತೀನಿ” ಎನ್ನುವಷ್ಟರಲ್ಲಿ ಡಬ್ಬಿ ಎತ್ತಿಯಾಗಿತ್ತು.

“ಅಮ್ಮಾ, ಇದೇನಿದು?”

“ಏನಿಲ್ಲ. ಕಟ್ಟಿಬಿಡ್ತೀನಿ.”

“ಯಾಕೆ ಕಟ್ತೀಯ? ಇದು ದಂಡ ಅಲ್ಲ ಅಮ್ಮ. ದಂಡ ಹಾಕೋಕೆ ಇವರೇನು ಪೊಲೀಸಾ, ಕೋರ್ಟಾ? ಇದೊಂದು ಬಿಲ್ಲು. ನೀನು ಹೆದರ್ಲಿ ಅಂತ ಅಂಚಿಗೆ ಹಳದಿ ಬಳ್ದಿದಾರೆ, ಅಷ್ಟೇ.” ನಟಾಲಿ ಗೋದಾಮಿನಲ್ಲಿ ಕೆಲಸ ಮಾಡುತ್ತಿದ್ದಳು, ಅಲ್ಲಿನ ಸಂಘದ ಪ್ರತಿನಿಧಿ, ಕಾಗದದ ಹಿಂಬದಿಯ ಇರುವೆಯಂಥ ಅಕ್ಷರವನ್ನೇ ಮೊದಲು ಓದುವವಳು. “ಇಪ್ಪತ್ತೆಂಟು ದಿನದೊಳಗೆ ಮೇಲ್ಮನವಿ. ಇವತ್ತಿಗೆ ಎಷ್ಟಾಯ್ತು? ಅಯ್ಯೋ ದೇವರೇ, ಮುಚ್ಚಿಟ್ಕೊಂಡು ಕೂತಿದ್ಯಲ್ಲ! ನಮ್ಮ ವಿಳಾಸ ಇವರಿಗೆ ಹೇಗೆ ಸಿಗ್ತು ಗೊತ್ತಾ? ಸರ್ಕಾರ ಮಾರುತ್ತೆ. ತಲೆಗಿಷ್ಟು ಅಂತ ತಗೊಂಡು ನಮ್ಮನ್ನ ಮಾರುತ್ತೆ.” ಮತ್ತೆ ಕಾಗದ ತಿರುಗಿಸಿ ಜಾಗದ ಹೆಸರು ಓದಿದಳು. ಅವಳ ಮುಖ ನಿಧಾನವಾಗಿ ಕೆಂಪೇರಿತು. “ಇದು ಅಪ್ಪನ ಕಾರ್ಖಾನೆ ಇದ್ದ ಜಾಗ.”

“ಹೂಂ.”

“ಕರಗಿಸೋ ಶೆಡ್ಡು ಇತ್ತಲ್ಲ, ಅದೇ ತಾನೇ ಈಗ ಕಾರು ನಿಲ್ಸೋ ಮೈದಾನ? ನೋಡು ಹೆಂಗಿದೆ. ಆಗ ಅಪ್ಪ ಹತ್ತು ನಿಮಿಷ ಬೇಗ ಹೊರಗೆ ಹೋದ್ರೆ ಸಂಬಳ ಹಿಡೀತಿದ್ರು. ಈಗ ತಡವಾಗಿ ಹೊರಗೆ ಹೋದ್ರೆ ದುಡ್ಡು ಕೀಳ್ತಾರೆ. ಅದೇ ಗೇಟಿದ್ದ ಜಾಗ!” ನಕ್ಕಳು, ನಗುವಿನ ಕೊನೆಗೆ ಕೆಟ್ಟ ಬೈಗುಳವೊಂದಿತ್ತು. “ಅಷ್ಟೊತ್ತು ಏನ್ ಮಾಡಿದ್ರಿ ಅಲ್ಲಿ?”

ಈ ಪ್ರಶ್ನೆಗೆ ಉತ್ತರ ಡೋರೀನಳ ಬಳಿ ತಯಾರಿತ್ತು. ತಯಾರಿದ್ದದ್ದೇ ಅವಳಿಗೆ ಹೇಸಿಗೆ. ಹಿಂದೊಮ್ಮೆ ಔಷಧದಂಗಡಿಯಲ್ಲಿ ನಡೆದದ್ದನ್ನು ಎತ್ತಿ ತಂದು ಅಲ್ಲಿಗೆ ಹೊಂದಿಸಿದ್ದಳು. “ನಿಮ್ಮಪ್ಪ ಏಳಲಿಲ್ಲ. ಹಾಸಿಗೆ ಅಂಗಡೀಲಿ ಕುರ್ಚಿ ಮೇಲೆ ಕೂತವನು ಏಳಲೇ ಇಲ್ಲ. ಪಾಳಿ ಮುಗಿದಿಲ್ಲ ಅಂದ. ಸೈರನ್ ಕೂಗ್ಲಿ ಅಂದ. ನಾನೂ ಪಕ್ಕದಲ್ಲೇ ಕೂತೆ. ಏನ್ ಮಾಡಲಿ?”

ನಟಾಲಿಯ ಕಣ್ಣು ತುಂಬಿಕೊಂಡಿತು. ಅವಳು ಅಮ್ಮನ ಕೈ ಹಿಡಿದುಕೊಂಡಾಗ ಡೋರೀನಳಿಗೆ ಕೈಯನ್ನು ಅಲ್ಲೇ ಕಳಚಿಟ್ಟು ಓಡಿಹೋಗಬೇಕೆನಿಸಿತು. ಐದೇ ನಿಮಿಷ ನೆವಿಲ್, ಎಂದಿದ್ದಳು ಅವಳು ಅವತ್ತು, ಸೀಟು ಬೆಲ್ಟು ಬಿಚ್ಚದೆ, ಅವನ ತೊಡೆಯ ಮೇಲೆ ಬಿಸ್ಕತ್ತಿನ ಪೊಟ್ಟಣ ಇಟ್ಟು. ಒಳಗೆ ಕರೆದುಕೊಂಡು ಹೋದರೆ ಅಂಗಡಿಯವರ ಮುಂದೆ ಒದ್ದೆ ಮಾಡಿಕೊಳ್ಳುತ್ತಾನೇನೋ ಎಂದು ನಾಚಿಕೆ. ಕೊಳ್ಳಬೇಕಾಗಿದ್ದುದೂ ಅದಕ್ಕೇ: ಹಾಸಿಗೆಗೆ ನೀರಿಳಿಯದ ಹೊದಿಕೆ. ಮಾರ್ಚ್ ತಿಂಗಳ ಗಾಳಿ ಗಾಜನ್ನು ಒದೆಯುತ್ತಿತ್ತು. ಗುಂಡಿ ಒತ್ತಿದಳು, ನಾಲ್ಕು ಬಾಗಿಲೂ ಒಟ್ಟಿಗೇ ಕಚ್ಚಿಕೊಂಡವು. ಆ ಸದ್ದು. ಹಲ್ಲು ಕಡಿದಂಥ ಆ ಸದ್ದು ಕೇಳಿದಾಗ ಒಳಗೆಲ್ಲೋ ಸಣ್ಣ ಸುಖವಾಗಿತ್ತು, ಅದನ್ನು ಅವಳು ಯಾರಿಗೆ ಹೇಳಬೇಕು? ಅವನು ಅಲ್ಲಿ, ನಾನು ಇಲ್ಲಿ, ನಡುವೆ ಬೀಗ. ಅಂಗಡಿಯೊಳಗೆ ಬೆಚ್ಚಗಿತ್ತು. ಹಾಸಿಗೆಗಳು ಸಾಲಾಗಿ, ಬಿಳಿಯಾಗಿ, ಯಾರೂ ಎಂದೂ ಮಲಗದ ಹಾಗೆ. ಮೂಗಿಗೆ ಸಣ್ಣ ನತ್ತಿಟ್ಟ ಹುಡುಗಿಯೊಬ್ಬಳು ಬಂದು, “ಕೂತು ನೋಡಿ ಆಂಟಿ, ಮಲಗಿ ನೋಡಿ, ದುಡ್ಡೇನಿಲ್ಲ” ಎಂದಳು. ಕೂತಳು. ಏಳು ತಿಂಗಳಿಂದ ಅವಳು ಒಂದು ಸಲಕ್ಕೆ ಎರಡು ಗಂಟೆ ನಿದ್ದೆ ಮಾಡಿರಲಿಲ್ಲ. ನೆವಿಲ್ ಏಳುತ್ತಿದ್ದ, ಪಾಳಿಗೆ ತಡವಾಯಿತೆಂದು ಬಾಗಿಲು ಬಡಿಯುತ್ತಿದ್ದ, ಅವಳು ಅವನ ತೋಳು ಹಿಡಿದು ಮೆಟ್ಟಿಲ ಮೇಲೆ ಕೂರುತ್ತಿದ್ದಳು. ಚಪ್ಪಲಿ ಬಿಚ್ಚಿದಳು. ಹಾಸಿಗೆಗೆ ಕೊಳೆಯಾಗಬಾರದಲ್ಲ ಎಂಬ ಮರ್ಯಾದೆ. ಬೆನ್ನು ತಾಗಿದ್ದಷ್ಟೇ ನೆನಪು.

“ಈಗ ಕೇಳು,” ನಟಾಲಿ ಲ್ಯಾಪ್‌ಟಾಪು ತೆರೆದಿದ್ದಳು. “ಇದರಲ್ಲಿ ಒಂದೇ ಒಂದು ಸೂತ್ರ. ‘ನಾನು’ ಅನ್ನೋ ಮಾತು ಎಲ್ಲೂ ಬರಬಾರದು. ನಾನು ನಿಲ್ಸಿದೆ, ನಾನು ಹೋದೆ, ನಾನು ಬಂದೆ, ಊಹೂಂ. ಕಾರು ಓಡಿಸಿದ್ದು ಯಾರು ಅಂತ ಅವರಿಗೆ ಗೊತ್ತಿಲ್ಲ. ಗೊತ್ತಿರೋದು ಪಾಲಕರು ಯಾರು ಅಂತ ಮಾತ್ರ. ‘ನಾನು’ ಅಂದ್ಯೋ, ಕೈಯೆತ್ತಿ ಕೊಟ್ಟ ಹಾಗೆ. ಅದಕ್ಕೇ ‘ಚಾಲಕರು’ ಅಂತ ಬರೀಬೇಕು. ಚಾಲಕರು ನಿಲ್ಲಿಸಿದರು. ಚಾಲಕರು ಹೋದರು. ನೀನು ಪಾಲಕಿ, ಚಾಲಕರು ಯಾರೋ ಏನೋ, ನಿನಗೇನು ಗೊತ್ತು?”

“ಸುಳ್ಳಲ್ವೇನೇ?”

“ಸುಳ್ಳಲ್ಲ. ಬಾಯಿ ಬಿಡದೇ ಇರೋದು. ಬಡವರಿಗೆ ಕಾನೂನು ಕೊಟ್ಟಿರೋ ಹಕ್ಕು ಅದೊಂದೇ.”

ಚಾಲಕರು. ಡೋರೀನ್ ಆ ಮಾತನ್ನು ನಾಲಿಗೆಯ ಮೇಲೆ ಹೊರಳಿಸಿದಳು. ಗಂಡೂ ಅಲ್ಲ, ಹೆಣ್ಣೂ ಅಲ್ಲ, ಒಬ್ಬರೋ ಹತ್ತು ಜನರೋ ತಿಳಿಯದ ಮಾತು. ಅದಕ್ಕೊಂದು ಮರ್ಯಾದೆಯಿತ್ತು, ಇಸ್ತ್ರಿ ಮಾಡಿದ ಅಂಗಿಯಂಥದು. ಮಗಳು ಬರೆಯುತ್ತ ಹೋದಂತೆ ಚಾಲಕರು ಅಡಿಗೆಮನೆಯೊಳಕ್ಕೇ ಬಂದು ನಿಂತರು. ಚಾಲಕರ ಜೊತೆಗೆ ಅಸ್ವಸ್ಥ ಪ್ರಯಾಣಿಕರೊಬ್ಬರಿದ್ದರು. ಪ್ರಯಾಣಿಕರು ಅಂಗಡಿಯಲ್ಲಿ ಗಾಬರಿಗೊಂಡು ಏಳಲು ನಿರಾಕರಿಸಿದರು. ಚಾಲಕರು ಇಡೀ ಅವಧಿ ಅವರ ಪಕ್ಕದಲ್ಲೇ ಇದ್ದು ಸಮಾಧಾನಪಡಿಸಿದರು. ನಟಾಲಿ ಗಟ್ಟಿಯಾಗಿ ಓದುತ್ತಿದ್ದಳು, ಓದಿದ್ದನ್ನು ಅಳಿಸಿ ಇನ್ನೂ ಚೆನ್ನಾಗಿ ಬರೆಯುತ್ತಿದ್ದಳು. ಎಂಥ ಒಳ್ಳೆಯ ಮನುಷ್ಯರು ಈ ಚಾಲಕರು, ಎನ್ನಿಸಿತು ಡೋರೀನಳಿಗೆ. ದಣಿವಿಲ್ಲ, ಬೇಸರವಿಲ್ಲ. ಪಕ್ಕದಲ್ಲೇ ಇದ್ದರಂತೆ. ಅವರ ಮುಖ ನೋಡಬೇಕೆನಿಸಿತು. ಅವರ ಕಾಲಿಗೆ ಬಿದ್ದು, ನೆವಿಲ್‌ನನ್ನು ನೀವೇ ಇಟ್ಟುಕೊಳ್ಳಿ ಎಂದು ಕೇಳಿಕೊಳ್ಳಬೇಕೆನಿಸಿತು.

“ಚಾಲಕ ಕೆಳಗಿಳಿಯಂಗಿಲ್ಲ,” ಎಂದ ನೆವಿಲ್.

ಇಬ್ಬರೂ ತಿರುಗಿ ನೋಡಿದರು. ಮೂರು ದಿನದಿಂದ ಅವನು ಇಡೀ ವಾಕ್ಯ ಆಡಿರಲಿಲ್ಲ.

“ಏನಪ್ಪಾ?”

“ಕೊಕ್ಕೆಯಲ್ಲಿ ಭಾರ ತೂಗ್ತಿರೋವಾಗ ಚಾಲಕ ಸೀಟು ಬಿಟ್ಟು ಏಳಂಗಿಲ್ಲ. ಉಚ್ಚೆ ಬಂದ್ರೂ ಏಳಂಗಿಲ್ಲ. ಕೆಳಗೆ ಹುಡುಗರಿರ್ತಾರೆ.” ಅವನು ಮಗಳನ್ನು ಹೊಸದಾಗಿ ಕೆಲಸಕ್ಕೆ ಸೇರಿದವಳನ್ನು ನೋಡುವಂತೆ ನೋಡಿದ. “ಕೆಳಗಿನವನು ಸನ್ನೆ ಕೊಡಬೇಕು. ಎರಡೂ ಕೈ ಎದೆ ಹತ್ರ ಹಿಡ್ಕೊಂಡ್ರೆ ಮುಗೀತು ಅಂತ. ಆಮೇಲೆ ಇಳಿ. ಬರ್ಕೋ ಅದನ್ನ.”

“ಬರ್ಕೊಂಡೆ ಬಾಸ್,” ಎಂದು ನಟಾಲಿ ಸೆಲ್ಯೂಟು ಹೊಡೆದಳು. ಅವನು ಸಂತೋಷದಿಂದ ನಕ್ಕ. ಡೋರೀನ್ ಕೆಟಲ್‌ಗೆ ನೀರು ತುಂಬಲು ತಿರುಗಿದಳು; ತುಂಬಿದ ಮೇಲೂ ನಲ್ಲಿ ನಿಲ್ಲಿಸಲಿಲ್ಲ. ಉಚ್ಚೆ ಬಂದ್ರೂ ಏಳಂಗಿಲ್ಲ. ಅವಳು ಬರಿಗಾಲಲ್ಲಿ, ಚಪ್ಪಲಿ ಕೈಯಲ್ಲಿ ಹಿಡಿದು, ಮೈದಾನದ ಕಾರುಗಳ ನಡುವೆ ಓಡಿ ಬಂದಾಗ ನೆವಿಲ್ ಪಕ್ಕದ ಸೀಟಿನಲ್ಲಿರಲಿಲ್ಲ. ಅದು ಹೇಗೋ ಬೆಲ್ಟು ಬಿಚ್ಚಿಕೊಂಡು, ಗೇರಿನ ಮೇಲಿಂದ ಆ ದೊಡ್ಡ ದೇಹವನ್ನು ಎಳೆದುಕೊಂಡು, ಓಡಿಸುವ ಸೀಟಿಗೆ ಬಂದು ಕೂತಿದ್ದ. ಎರಡೂ ಕೈಯಲ್ಲಿ ಸ್ಟೀರಿಂಗು. ಬೆರಳ ಗೆಣ್ಣು ಬೆಳ್ಳಗಾಗಿತ್ತು. ಪ್ಯಾಂಟು ಮೊಣಕಾಲಿನವರೆಗೆ ಒದ್ದೆಯಾಗಿ, ಒಣಗಿ, ಮತ್ತೆ ಒದ್ದೆಯಾಗಿತ್ತು. ಕೆನ್ನೆಯ ಮೇಲೆ ನೀರು ಒಂದೇ ಸಮನೆ ಇಳಿಯುತ್ತಿತ್ತು, ಆದರೆ ಮುಖ ಅಳುತ್ತಿರಲಿಲ್ಲ, ಮುಖ ಕೆಲಸದಲ್ಲಿತ್ತು. ಗಾಜಿನಾಚೆಯಿಂದ ಅವಳು ಬೇಡಿಕೊಂಡಳು. ಏನೆಂದು ಬೇಡಿಕೊಂಡಳೋ. ಎರಡೂ ಕೈ ತಮ್ಮಷ್ಟಕ್ಕೇ ಎದೆಯ ಹತ್ತಿರ ಬಂದು ಒಂದನ್ನೊಂದು ಹಿಡಿದುಕೊಂಡವು, ಚಪ್ಪಲಿ ಕೆಳಗೆ ಬಿತ್ತು. ಅವನು ತಕ್ಷಣ ಸ್ಟೀರಿಂಗು ಬಿಟ್ಟ. ಅದು ಯಾಕೆಂದು ಅವಳಿಗೆ ಈಗ, ಈ ನಲ್ಲಿಯ ಮುಂದೆ ತಿಳಿಯುತ್ತಿತ್ತು.

“ಕಳಿಸಿದೆ!” ಎಂದಳು ನಟಾಲಿ.

ಆಮೇಲಿನ ಹನ್ನೊಂದು ದಿನ ಡೋರೀನ್ ಬಾಗಿಲಿನ ಅಂಚೆ ಕಿಂಡಿಯನ್ನು ಕಾದಳು. ಅಂಚೆಯವನು ಒಂಬತ್ತೂವರೆಗೆ ಬರುತ್ತಿದ್ದ. ಒಂಬತ್ತಕ್ಕೇ ನೆವಿಲ್‌ನ ಬಾಯಿಗೆ ಕೊನೆಯ ಚೂರು ತುರುಕಿ, ಹಜಾರದ ಮೆಟ್ಟಿಲ ಮೇಲೆ ಕೂರುತ್ತಿದ್ದಳು. ಕಿಂಡಿ ಕಟಕಟಿಸಿ ಕಾಗದಗಳು ಬಿದ್ದಾಗ ನಾಯಿಯಂತೆ ಮೇಲೆ ಬೀಳುತ್ತಿದ್ದಳು: ಪಿಜ್ಜಾ ಅಂಗಡಿಯ ಚೀಟಿ, ನೀರಿನ ಬಿಲ್ಲು, ಆಸ್ಪತ್ರೆಯ ಪತ್ರ. ಮೇಲ್ಮನವಿಯ ಉತ್ತರ ಬಂದರೆ ನಟಾಲಿ ನೋಡುವ ಮೊದಲೇ ಹರಿಯಬೇಕು, ಸದ್ದಿಲ್ಲದೆ ದುಡ್ಡು ಕಟ್ಟಿಬಿಡಬೇಕು. ಅವರ ಬಳಿ ಇನ್ನೂ ಫೋಟೋ ಇದ್ದರೆ? ಕ್ಯಾಮರಾ ಹೊತ್ತ ಎತ್ತರದ ಕಂಬಗಳನ್ನು ಅವಳು ಆ ದಿನ ನೋಡಿದ್ದಳಲ್ಲ, ಕೊಕ್ಕರೆಗಳಂತೆ ಕತ್ತು ಬಗ್ಗಿಸಿದ್ದವು. ಕೌನ್ಸಿಲ್ಲಿನ ಹೆಂಗಸು ಬರುವುದು ಮಂಗಳವಾರ. ಎಲ್ಲ ಸರಿಯಿದ್ದರೆ ಇನ್ನಾರು ತಿಂಗಳು ನೆವಿಲ್ ಮನೆಯಲ್ಲೇ. ಸರಿಯಿದೆ, ಎಲ್ಲ ಸರಿಯಿದೆ, ಎಂದು ಅವಳು ಮೆಟ್ಟಿಲ ಮೇಲೆ ಕೂತು ಅಭ್ಯಾಸ ಮಾಡುತ್ತಿದ್ದಳು, ಬಾಯಿ ಯಾವ ಕೋನದಲ್ಲಿ ನಗಬೇಕೆಂಬುದನ್ನೂ ಸೇರಿಸಿ. ಕೆಲವೊಮ್ಮೆ ಅದೇ ಮೆಟ್ಟಿಲ ಮೇಲೆ ಬೇರೊಂದು ಯೋಚನೆ ಬರುತ್ತಿತ್ತು. ಕರೆದುಕೊಂಡು ಹೋಗಲಿ. ಹೋಗಲಿ, ನಾನು ಮಲಗುತ್ತೇನೆ. ಕಳ್ಳನಂತೆ ಬಂದ ಆ ಯೋಚನೆಯನ್ನು ಕೂತಲ್ಲಿ ಕೂರಲು ಬಿಟ್ಟು, ಎದ್ದು ಹೋಗುವಾಗ ಅದರ ಬೆನ್ನಿಗೆ ಉಗಿಯುತ್ತಿದ್ದಳು. ಕಾರ್ಖಾನೆ ಮುಚ್ಚಿದ ವರ್ಷ ಮುಷ್ಕರ ಹೂಡಿ ನೆವಿಲ್ ಗೇಟಿನ ಮುಂದೆ ಬೆಂಕಿಯ ಡ್ರಮ್ಮಿಗೆ ಕೈಕಾಯಿಸುತ್ತ ನಿಂತಿರುತ್ತಿದ್ದಾಗ ಅವಳೂ ಸೂಪಿನ ಪಾತ್ರೆ ಹಿಡಿದು ನಿಂತವಳು. ಆಗ ಇಡೀ ಬೀದಿಯೇ ನಿಂತಿತ್ತು. ಈಗ ಮೆಟ್ಟಿಲ ಮೇಲೆ ಅವಳೊಬ್ಬಳೇ; ಸೋತವರಿಗೆ ಕೂಡಿ ನಿಲ್ಲಲು ಒಂದು ಗೇಟಾದರೂ ಬೇಕು, ಅದನ್ನೂ ಕಿತ್ತು ಅಲ್ಲಿ ಹಾಸಿಗೆಯಂಗಡಿ ಇಟ್ಟಿದ್ದಾರೆ.

ಆ ಉತ್ತರ ಅಂಚೆಯಲ್ಲಿ ಬರಲೇ ಇಲ್ಲ. ಮೇಲ್ಮನವಿಯಲ್ಲಿ ನಟಾಲಿ ಕೊಟ್ಟದ್ದು ತನ್ನ ಈಮೇಲು. ಡೋರೀನಳಿಗೆ ಈಮೇಲೇ ಇರಲಿಲ್ಲ. ಅದು ಅವಳಿಗೆ ಹೊಳೆದದ್ದು ಶನಿವಾರ ಮಧ್ಯಾಹ್ನ, ಮಗಳು ಕರೆಗಂಟೆ ಒತ್ತದೆ ತನ್ನ ಬೀಗದ ಕೈಯಿಂದಲೇ ಬಾಗಿಲು ತೆರೆದು, ಅಪ್ಪನ ಹಣೆಗೆ ಮುತ್ತಿಡದೆ, ಹಾಳೆಗಳ ಕಟ್ಟೊಂದನ್ನು ಮೇಜಿನ ಮೇಲಿಟ್ಟಾಗ.

“ತಿರಸ್ಕರಿಸಿದಾರೆ,” ಎಂದಳು. “ಓದ್ತೀನಿ ಕೇಳು. ‘ಚಾಲಕರು ಪ್ರಯಾಣಿಕರೊಬ್ಬರ ಜೊತೆ ಅಂಗಡಿಯಲ್ಲಿದ್ದರೆಂಬ ನಿಮ್ಮ ಹೇಳಿಕೆಯನ್ನು ನಮ್ಮ ಪುರಾವೆಗಳು ಸಮರ್ಥಿಸುವುದಿಲ್ಲ. ನಮ್ಮ ಸಿಬ್ಬಂದಿ ಮೂರು ಬಾರಿ ವಾಹನವನ್ನು ಪರಿಶೀಲಿಸಿದ್ದು, ಮೂರು ಬಾರಿಯೂ ಚಾಲಕರು ಚಾಲಕನ ಆಸನದಲ್ಲಿ ಕುಳಿತಿದ್ದರು. ಪ್ರಯಾಣಿಕರು ಯಾರೂ ಕಂಡುಬಂದಿಲ್ಲ. ಫಲಕಗಳನ್ನು ಓದಿ ಜಾಗ ತೆರವು ಮಾಡಲು ಚಾಲಕರಿಗೆ ಸಾಕಷ್ಟು ಅವಕಾಶವಿತ್ತು.’”

ಮೂರು ಫೋಟೋಗಳನ್ನು ಇಸ್ಪೀಟಿನ ಎಲೆಗಳಂತೆ ಒಂದರ ಪಕ್ಕ ಒಂದು ಇಟ್ಟಳು. ಒಂದು ಗಂಟೆ ಇಪ್ಪತ್ತೆರಡು. ಒಂದು ಐವತ್ತೇಳು. ಎರಡು ಮೂವತ್ತೊಂದು. ಗಾಜಿಗೆ ತೀರ ಹತ್ತಿರ ಹಿಡಿದು ತೆಗೆದವು. ಮೊದಲನೆಯದರಲ್ಲಿ ಗಾಜಿನ ಮೇಲೆ ತೆಗೆದವನ ನೆರಳೂ ಬಿದ್ದಿತ್ತು, ಟೋಪಿ, ಎತ್ತಿದ ಮೊಣಕೈ. ನೆವಿಲ್ ಸ್ಟೀರಿಂಗು ಹಿಡಿದು ನೇರ ಕ್ಯಾಮರಾವನ್ನೇ ನೋಡುತ್ತಿದ್ದ. ಎರಡನೆಯದರಲ್ಲಿ ಬಾಯಿ ತೆರೆದಿತ್ತು, ಏನೋ ಕೇಳುತ್ತಿದ್ದ. ಮೂರನೆಯದರಲ್ಲಿ ಕೇಳುವುದನ್ನು ಬಿಟ್ಟಿದ್ದ.

ಮೂರು ಸಲ ಬಂದಿದ್ದಾನೆ. ಒಬ್ಬ ಮನುಷ್ಯ, ತಾಯಿ ಹೆತ್ತ ಮಗ, ಮೂರು ಸಲ ಬಂದು ಒಂದು ಗೇಣು ದೂರದಲ್ಲಿ ನಿಂತಿದ್ದಾನೆ. ಗಾಜು ತಟ್ಟಲಿಲ್ಲ. ಏನಜ್ಜ, ಯಾಕಜ್ಜ ಅನ್ನಲಿಲ್ಲ. ಬೆಳಕು ಸರಿಯಾಗಿ ಬೀಳಲೆಂದು ಕೈ ಅಡ್ಡ ಹಿಡಿದು ಫೋಟೋ ತೆಗೆದು, ವೇಳೆ ನಮೂದಿಸಿ, ಮುಂದಿನ ಕಾರಿಗೆ ಹೋಗಿದ್ದಾನೆ. ಅವನಿಗೆ ದಿನಕ್ಕಿಷ್ಟು ಕಾರೆಂದು ಲೆಕ್ಕವಿರಬೇಕು. ಅವನ ಮನೆಯಲ್ಲೂ ಮೆಟ್ಟಿಲ ಮೇಲೆ ಕೂರುವವರು ಯಾರೋ ಇರಬೇಕು. ಡೋರೀನಳಿಗೆ ಕೂಗಬೇಕೆನಿಸಿತು, ಆ ಟೋಪಿಯ ನೆರಳನ್ನು ಉಗುರಿನಿಂದ ಹಾಳೆಯಿಂದಲೇ ಕೆರೆದು ತೆಗೆಯಬೇಕೆನಿಸಿತು. ಬಾಯಿ ತೆರೆದಳು. ಕೂಗು ಹೊರಗೆ ಬರುವ ಮುಂಚೆ ತಿರುಗಿ ಅವಳನ್ನೇ ನೋಡಿತು: ಅವನು ಮೂರು ಸಲ ಬಂದ. ನೀನು?

“ಆಂಟಿ, ಆಂಟಿ,” ಎಂದು ಅವತ್ತು ಅಂಗಡಿಯಲ್ಲಿ ಆ ನತ್ತಿನ ಹುಡುಗಿ ಭುಜ ಅಲುಗಿಸಿದ್ದಳು. ಯಾರೋ ಡೋರೀನಳಿಗೆ ಕಂಬಳಿ ಹೊದಿಸಿದ್ದರು, ಬೆಲೆಯ ಚೀಟಿ ಇನ್ನೂ ಅದಕ್ಕೆ ನೇತಾಡುತ್ತಿತ್ತು. “ಮ್ಯಾನೇಜರು ಎರಡು ಸಲ ಎಬ್ಬಿಸು ಅಂದ್ರು. ನನಗೇ ಮನಸ್ಸು ಬರಲಿಲ್ಲ. ನಮ್ಮಮ್ಮನ ಥರಾನೇ ಬಾಯಿ ತೆಕ್ಕೊಂಡು ಮಲಗಿದ್ರಿ.” ಇಡೀ ಚಳಿಗಾಲದಲ್ಲಿ ಯಾರಾದರೂ ಅವಳಿಗೆ ತೋರಿದ ಒಂದೇ ಒಂದು ದಯೆ. ಅದರ ಬೆಲೆಯನ್ನು ನೆವಿಲ್ ಗಾಜಿನ ಹಿಂದೆ ಕೂತು ತೆರುತ್ತಿದ್ದ.

“ಅಮ್ಮ,” ನಟಾಲಿಯ ದನಿ ಏರಲಿಲ್ಲ, ಏರಿದ್ದರೆ ಚೆನ್ನಾಗಿತ್ತು. “ಅಪ್ಪ ಕಾರಲ್ಲಿದಾನೆ. ಒಬ್ಬನೇ ಇದಾನೆ. ನೀನು ಅಂಗಡೀಲಿ ಇಬ್ಬರೂ ಅಂದೆ. ನಾನು ಅದನ್ನ ಬರೆದೆ. ನೀನೆಲ್ಲಿದ್ದೆ?”

ಕಿಟಕಿಯ ಪಕ್ಕದಿಂದ ನೆವಿಲ್ ಹೇಳಿದ, “ಅವಳು ಕೆಳಗಿದ್ಲು.”

“ಅಪ್ಪ, ನೀನು ಸುಮ್ನಿರು.”

“ಕೆಳಗೇ ಇದ್ಲು. ಸನ್ನೆ ಕೊಡೋಕೆ ನಿಂತಿದ್ಲು. ನಾನು ಕಣ್ಣು ತೆಗೀಲಿಲ್ಲ ಅವಳ ಮೇಲಿಂದ.” ಅವನು ಎರಡೂ ಕೈಯನ್ನು ಎದೆಯ ಹತ್ತಿರ ತಂದು ಹಿಡಿದು ತೋರಿಸಿದ. “ಒಳ್ಳೇ ಕೆಲಸಗಾರ್ತಿ. ಹಿಂಗೆ. ಮುಗೀತು ಅಂತ.”

ನಟಾಲಿಯ ಮುಖದಲ್ಲಿ ಏನೋ ಸಡಿಲವಾಯಿತು. ನಂಬಲು ಅವಳಿಗೆ ಆಸೆಯಿದ್ದುದನ್ನು ಡೋರೀನ್ ಕಂಡಳು. ಅಮ್ಮ ಕಾರಿನ ಹೊರಗೇ ನಿಂತಿದ್ದಳು, ಅಪ್ಪ ಇಳಿಯದೆ ಹಟ ಹಿಡಿದಿದ್ದ, ಫೋಟೋದ ಚೌಕಟ್ಟಿನೊಳಗೆ ಅವಳು ಬಂದಿಲ್ಲ ಅಷ್ಟೇ. ಒಮ್ಮೆ ಹೂಂಗುಟ್ಟಿದರೆ ಸಾಕಿತ್ತು. ಮಂಗಳವಾರ ದಾಟುತ್ತಿತ್ತು. ಬಾಯಿ ಬಿಡದೇ ಇರುವುದು, ಬಡವರ ಒಂದೇ ಹಕ್ಕು. ಡೋರೀನ್ ಹೂಂ ಎನ್ನಲೆಂದೇ ಉಸಿರು ಎಳೆದುಕೊಂಡಳು.

“ಚಾಲಕರು ನಿದ್ದೆ ಹೋಗಿದ್ದರು,” ಎಂದಳು.

ತನ್ನ ದನಿಯೇ ಅವಳಿಗೆ ಪರಕೀಯವಾಗಿತ್ತು. ಕಾಗದದ ಭಾಷೆಯದು, ಇಸ್ತ್ರಿಯ ಗೆರೆ ಮುರಿಯದ ದನಿ. ಆ ದನಿಗೆ ನಾಚಿಕೆಯಿರಲಿಲ್ಲ, ಅದಕ್ಕೇ ಅದು ಮುಂದೆ ಹೋಯಿತು. “ಚಾಲಕರು ಐದು ನಿಮಿಷ ಅಂತ ಹೇಳಿ ಕಾರಿಗೆ ಬೀಗ ಹಾಕಿದರು. ಅಂಗಡಿಯೊಳಗೆ ಹಾಸಿಗೆ ಇತ್ತು. ಚಾಲಕರು ಅದರ ಮೇಲೆ ಮಲಗಿದರು. ಚಾಲಕರಿಗೆ ಎಚ್ಚರವಾದಾಗ ಮೂರು ಗಂಟೆಗೆ ಹತ್ತು ನಿಮಿಷ ಇತ್ತು.”

ಮಗಳು ಬರುವಾಗ ಹಾಕಿದ್ದ ಕೆಟಲ್ಲು ಕುದಿದು ತಾನಾಗಿ ಆರಿತು. ನಟಾಲಿ ಫೋಟೋಗಳನ್ನು ಒಂದರ ಮೇಲೊಂದು ಜೋಡಿಸಿದಳು, ಅಂಚು ಸಮನಾಗುವವರೆಗೆ ಮೇಜಿಗೆ ಕುಟ್ಟಿದಳು. ಅವಳಿಗೆ ಅಮ್ಮನನ್ನು ತಬ್ಬಿಕೊಳ್ಳಬೇಕೋ ಹೊಡೆಯಬೇಕೋ ತಿಳಿಯುತ್ತಿರಲಿಲ್ಲ. ಎರಡೂ ಅವಳ ಭುಜಗಳಲ್ಲಿ ಕಾಣುತ್ತಿದ್ದವು.

“ಮಂಗಳವಾರ ಆ ಹೆಂಗಸು ಬಂದಾಗ,” ಎಂದಳು, “ಇದನ್ನ ನೀನೇ ಹೇಳ್ತೀಯೋ, ನಾನು ಹೇಳಲೋ?”

ಡೋರೀನ್ ಬ್ರೆಡ್ಡಿನ ಡಬ್ಬಿಯ ಮೇಲೆ ಅಂಗೈ ಒತ್ತಿದಳು.

“ಅಮ್ಮಾ, ನನ್ನ ಮುಖ ನೋಡು. ಚಾಲಕರು, ಚಾಲಕರು ಅನ್ಬೇಡ. ಅದನ್ನ ನಾನೇ ಹೇಳ್ಕೊಟ್ಟಿದ್ದು, ಆ ಸೂಳೇಮಕ್ಕಳಿಗೆ ಹೇಳೋಕೆ. ನನಗಲ್ಲ. ಕಾರಿಗೆ ಬೀಗ ಹಾಕಿದ್ದು ಯಾರು? ನನಗೆ ಒಂದು ಸಲ ಸರಿಯಾಗಿ ಹೇಳು. ಚಾಲಕರು ಅಂದ್ರೆ ಯಾರು?”

ಮಾತು ಡೋರೀನಳ ನಾಲಿಗೆಯ ಮೇಲೇ ಇತ್ತು. ಎರಡೇ ಅಕ್ಷರ. ಅದನ್ನು ಹೇಳಿದರೆ ನೆವಿಲ್ ಬೆಟ್ಟದಾಚೆಗೆ ಹೋಗುತ್ತಾನೆ, ಬೇರೆ ಯಾರದೋ ಪೈಜಾಮದಲ್ಲಿ. ಅದನ್ನು ಹೇಳಿದರೆ ತಾನು ಇವತ್ತು ರಾತ್ರಿ ಮಲಗಬಹುದು. ಯಾವುದಕ್ಕಾಗಿ ಹೇಳಹೊರಟಿದ್ದೇನೆ ಎಂದು ತನ್ನನ್ನೇ ಕೇಳಿಕೊಳ್ಳುತ್ತ ಅವಳು ಒಂದು ಕ್ಷಣ ತಡೆದಳು. ಒಂದೇ ಕ್ಷಣ.

ಕಿಟಕಿಯ ಪಕ್ಕ ನೆವಿಲ್‌ನ ಕೈ ಮೇಲೆದ್ದಿತ್ತು. ಗೇಟಿನಲ್ಲಿ ಹಾಜರಿ ಕೂಗಿದಾಗ ಎತ್ತುವ ಹಾಗೆ, ನೆಟ್ಟಗೆ.

“ನಾನು,” ಎಂದ. “ಚಾಲಕ ನಾನು. ಇಪ್ಪತ್ತಾರು ವರ್ಷ. ಒಂದು ದಿನಾನೂ ನಿದ್ದೆ ಹೋಗಿಲ್ಲ.”

ಯಾರೂ ಅವನ ಕೈಯನ್ನು ಕೆಳಗಿಳಿಸಲಿಲ್ಲ. ಅವನು ಎತ್ತಿಕೊಂಡ ಆ ‘ನಾನು’ ಎಂಬ ಮಾತು ಅವಳದಾಗಿತ್ತು. ಡೋರೀನ್ ಅದನ್ನು ವಾಪಸು ಕೇಳಲಿಲ್ಲ.